ಆನ್‌ಲೈನ್ ಊನೋ: ಬಣ್ಣ ಬಿಟ್ಟುಕೊಡದೆ ಆಡುವುದು ಹೇಗೆ

ಊನೋ ಅಂದರೆ ಕೈಯಲ್ಲಿರುವ ಕಾರ್ಡ್‌ಗಳನ್ನು ಮೊದಲು ಖಾಲಿ ಮಾಡಿದವರು ಗೆಲ್ಲುವ ಕಾರ್ಡ್ ಆಟ. ಮನೆಯಲ್ಲಿ ಅದನ್ನು ಆಡುವಾಗ ಜೋರಾಗಿ ಮಾತಾಡುವವರು ಹೇಳಿದ್ದೇ ನಿಯಮ. ಫೋನಿನಲ್ಲಿ ಹಾಗಲ್ಲ, ಪ್ರೋಗ್ರಾಂ ಹೇಳಿದ್ದೇ ನಿಯಮ. ಹೊಸಬರು ಆನ್‌ಲೈನ್‌ಗೆ ಬಂದು ಸೋಲುವುದು ಹೆಚ್ಚಾಗಿ ಇಲ್ಲೇ. ಆಟ ಗೊತ್ತಿರುತ್ತದೆ, ಆದರೆ ಆ ಟೇಬಲ್‌ನಲ್ಲಿ ಯಾವ ನಿಯಮ ಚಾಲ್ತಿಯಲ್ಲಿದೆ ಅಂತ ನೋಡಿರುವುದಿಲ್ಲ. ಎರಡನೆಯ ಕಾರಣ, ಕಾರ್ಡ್ ಖಾಲಿ ಮಾಡುವ ಆತುರದಲ್ಲಿ ಬಣ್ಣವನ್ನು ಎದುರಾಳಿಯ ಕೈಗೆ ಕೊಟ್ಟುಬಿಡುವುದು.

ಕಟ್ಟಿನಲ್ಲಿ ಏನಿದೆ

ಮೂಲ ಕಟ್ಟಿನಲ್ಲಿ 108 ಕಾರ್ಡ್. ಕೆಂಪು, ಹಳದಿ, ಹಸಿರು, ನೀಲಿ ಈ ನಾಲ್ಕು ಬಣ್ಣಕ್ಕೂ ತಲಾ 25. ಅದರಲ್ಲಿ ಸೊನ್ನೆ ಒಂದೇ ಒಂದು, 1ರಿಂದ 9ರವರೆಗೆ ಎರಡೆರಡು, ಸ್ಕಿಪ್ ಎರಡು, ರಿವರ್ಸ್ ಎರಡು, ಪ್ಲಸ್ ಟೂ ಎರಡು. ಬಣ್ಣವಿಲ್ಲದ ಕಪ್ಪು ಕಾರ್ಡ್‌ಗಳು 8: ನಾಲ್ಕು ವೈಲ್ಡ್, ನಾಲ್ಕು ಪ್ಲಸ್ ಫೋರ್. ಇವೆಲ್ಲ ಏನು ಮಾಡುತ್ತವೆ ಅನ್ನುವುದು ಮುಂದೆ ಬರುತ್ತದೆ. ಈಚಿನ ಪೆಟ್ಟಿಗೆಗಳಲ್ಲಿ 112 ಕಾರ್ಡ್ ಬರುತ್ತವೆ. ಹೆಚ್ಚುವರಿ ನಾಲ್ಕೂ ಬೇರೆ ಥರದ ವೈಲ್ಡ್‌ಗಳು, ಲೆಕ್ಕ ಅಷ್ಟೇನೂ ಬದಲಾಗುವುದಿಲ್ಲ.

ಸೊನ್ನೆ ಒಂದೇ ಇದೆ ಅನ್ನುವುದನ್ನು ನೆನಪಿಟ್ಟುಕೊಳ್ಳಿ. ಮುಂದೆ ಬೇಕಾಗುತ್ತದೆ.

ಒಳಗೆ ಹೋಗುವ ಮುನ್ನ

ಪ್ಲೇ ಸ್ಟೋರ್‌ನಲ್ಲಿ ಹುಡುಕಿದರೆ ಇದೇ ರೂಪದ ಹತ್ತಾರು ಆಟ ಸಿಗುತ್ತವೆ. ಮೊಬೈಲಿಗೆ ಅಧಿಕೃತವಾದದ್ದು ಮ್ಯಾಟೆಲ್163 ಎಂಬ ಕಂಪನಿ ಹೊರತಂದದ್ದು. ಪಿಸಿ, ಪ್ಲೇಸ್ಟೇಷನ್, ಎಕ್ಸ್‌ಬಾಕ್ಸ್‌ಗಳಿಗೆ ಯೂಬಿಸಾಫ್ಟ್ 2016ರಲ್ಲಿ ತಂದ ಆವೃತ್ತಿ ಇದೆ. ಇನ್‌ಸ್ಟಾಲ್ ಒತ್ತುವ ಮೊದಲು ಆಪ್‌ನ ಹೆಸರಿನ ಕೆಳಗೆ ತಯಾರಕರ ಹೆಸರು ನೋಡಿ. ಬಣ್ಣ, ನಂಬರ್ ಅಂತ ಹುಡುಕಿದಾಗ ‘ಕಲರ್ ಪ್ರಿಡಿಕ್ಷನ್’ ಅನ್ನುವ ಆಪ್‌ಗಳೂ ಕಣ್ಣಿಗೆ ಬೀಳುತ್ತವೆ. ಅವು ಕಾರ್ಡ್ ಆಟವೇ ಅಲ್ಲ, ಯಾವ ಬಣ್ಣ ಬರುತ್ತದೆ ಅಂತ ದುಡ್ಡು ಕಟ್ಟಿಸುವ ಜೂಜು. ಹಣ ಕಟ್ಟಿ ಆಡುವ ಆನ್‌ಲೈನ್ ಆಟಗಳನ್ನು ನಿಷೇಧಿಸುವ ಕಾನೂನನ್ನು ಸಂಸತ್ತು 2025ರ ಆಗಸ್ಟ್‌ನಲ್ಲಿ ಅಂಗೀಕರಿಸಿದೆ. ಊನೋದಲ್ಲಿ ಪಣಕ್ಕೆ ಹೋಗುವ ಕಾಯಿನ್ ಆಟದೊಳಗಿನ ಕಾಯಿನ್ ಅಷ್ಟೇ, ಅದನ್ನು ರೂಪಾಯಿ ಮಾಡಿಕೊಳ್ಳಲು ಬರುವುದಿಲ್ಲ. ಗೆದ್ದ ಕಾಯಿನ್ ಯುಪಿಐಗೆ ಹಾಕುತ್ತೇವೆ ಅಂದವರ ಆಪ್ ತೆಗೆದುಹಾಕಿ.

ಗೆಸ್ಟ್ ಆಗಿ ಆಡಿದರೆ ಫೋನ್ ಬದಲಿಸಿದಾಗ ಅಥವಾ ಆಪ್ ತೆಗೆದಾಗ ಎಲ್ಲ ಹೋಗುವ ಸಂಭವ ಇದೆ. ನಾಲ್ಕು ದಿನ ಆಡುವ ಮನಸ್ಸಿದ್ದರೆ ಯಾವುದಾದರೂ ಖಾತೆಗೆ ಜೋಡಿಸಿಕೊಳ್ಳಿ.

ಪರಿಚಯದವರ ಜೊತೆ ಆಡಲು ಒಬ್ಬರು ರೂಮ್ ತೆರೆದು ಉಳಿದವರನ್ನು ಕರೆಯಬೇಕು. ರೂಮ್ ತೆರೆಯುವಾಗಲೇ ನಿಯಮಗಳ ಪಟ್ಟಿ ಬರುತ್ತದೆ. ಅದನ್ನು ದಾಟಿಸಿಕೊಂಡು ‘ಸ್ಟಾರ್ಟ್’ ಒತ್ತಬೇಡಿ. ಪ್ಲಸ್ ಟೂ ಮೇಲೆ ಪ್ಲಸ್ ಟೂ ಹಾಕಬಹುದೇ, ಹೊಂದುವ ಕಾರ್ಡ್ ಸಿಗುವ ತನಕ ಎಳೆಯಬೇಕೇ, 7 ಮತ್ತು 0ಗೆ ವಿಶೇಷ ಅರ್ಥ ಇದೆಯೇ, ಪ್ಲಸ್ ಫೋರ್ ಹಾಕಿದ್ದು ಸರಿಯೇ ಅಂತ ಪ್ರಶ್ನಿಸುವ ಚಾಲೆಂಜ್ ಇದೆಯೇ: ಈ ನಾಲ್ಕಕ್ಕೆ ಉತ್ತರ ಗೊತ್ತಾದ ಮೇಲೆ ಆಟ ಶುರುಮಾಡಿ.

ಒಂದು ಸರದಿ ನಡೆಯುವ ಬಗೆ

ಎಲ್ಲರಿಗೂ 7 ಕಾರ್ಡ್. ನಡುವೆ ಒಂದು ಕಾರ್ಡ್ ತೆರೆದಿರುತ್ತದೆ. ನಿಮ್ಮ ಸರದಿ ಬಂದಾಗ ಅದರ ಬಣ್ಣಕ್ಕೆ, ಅಂಕಿಗೆ ಅಥವಾ ಚಿಹ್ನೆಗೆ ಹೊಂದುವ ಒಂದು ಕಾರ್ಡ್ ಹಾಕಬೇಕು, ಇಲ್ಲವೇ ಕಪ್ಪು ಕಾರ್ಡ್ ಹಾಕಬೇಕು. ಕೆಂಪು 5ರ ಮೇಲೆ ಯಾವ ಕೆಂಪಾದರೂ ಆಗುತ್ತದೆ, ಯಾವ ಬಣ್ಣದ 5 ಆದರೂ ಆಗುತ್ತದೆ. ಒಂದು ಸರದಿಗೆ ಒಂದೇ ಕಾರ್ಡ್. ಎರಡು 5 ಇದೆ ಅಂತ ಎರಡನ್ನೂ ಒಟ್ಟಿಗೆ ಹಾಕುವುದು ಮನೆ ಪದ್ಧತಿ, ಮೂಲ ನಿಯಮದಲ್ಲಿ ಇಲ್ಲ.

ಹೊಂದುವುದು ಇಲ್ಲದಿದ್ದರೆ ಕಟ್ಟಿನಿಂದ ಒಂದು ಎಳೆಯಬೇಕು. ಎಳೆದದ್ದು ಹೊಂದಿದರೆ ಅದನ್ನೇ ತಕ್ಷಣ ಹಾಕಬಹುದು, ಇಲ್ಲದಿದ್ದರೆ ಸರದಿ ಮುಂದಿನವರಿಗೆ. ಕೆಂಪು 5 ತೆರೆದಿದೆ ಅಂದುಕೊಳ್ಳಿ. ಉಳಿದ 107ರಲ್ಲಿ ಕೆಂಪು 24, ಬೇರೆ ಬಣ್ಣದ 5ಗಳು 6, ಕಪ್ಪು 8. ಒಟ್ಟು 38 ಕಾರ್ಡ್ ಹೊಂದುತ್ತವೆ. ಅಂದರೆ ಎಳೆದ ಕಾರ್ಡ್ ಕೆಲಸಕ್ಕೆ ಬರುವುದು ಹೆಚ್ಚುಕಡಿಮೆ ಮೂರಕ್ಕೆ ಒಂದು ಸಲ. ‘ಸಿಗುವ ತನಕ ಎಳೆ’ ನಿಯಮ ಹಾಕಿಕೊಂಡ ರೂಮಿನಲ್ಲಿ ಪ್ರತಿ ಸಲ ಸರಾಸರಿ ಮೂರರ ಹತ್ತಿರ ಕಾರ್ಡ್ ಕೈಗೆ ಬರುತ್ತದೆ. ಹತ್ತು ನಿಮಿಷದಲ್ಲಿ ಮುಗಿಸಬೇಕೆಂದಿದ್ದರೆ ಆ ನಿಯಮ ಬೇಡ.

ಹಾಕಲು ಕಾರ್ಡ್ ಇದ್ದೂ ಬೇಕೆಂದೇ ಎಳೆಯಲು ಮೂಲ ನಿಯಮ ಬಿಡುತ್ತದೆ. ಹಾಗೆ ಎಳೆದ ಮೇಲೆ ಕೈಯಲ್ಲಿದ್ದ ಹಳೆಯ ಕಾರ್ಡ್ ಹಾಕುವಂತಿಲ್ಲ, ಎಳೆದದ್ದನ್ನು ಮಾತ್ರ. ಕೆಲವು ರೂಮ್‌ಗಳಲ್ಲಿ ಎಳೆದದ್ದು ಹೊಂದಿದರೆ ಹಾಕಲೇಬೇಕೆಂಬ ಕಡ್ಡಾಯ ಇರುತ್ತದೆ. ಹಾಗಿದ್ದಾಗ ಉಳಿಸಿಕೊಳ್ಳಬೇಕೆಂದಿದ್ದ ವೈಲ್ಡ್ ಕೂಡ ಕೈಬಿಟ್ಟು ಹೋಗುತ್ತದೆ.

ಸ್ಕಿಪ್ ಮುಂದಿನವರ ಸರದಿ ತಪ್ಪಿಸುತ್ತದೆ. ರಿವರ್ಸ್ ದಿಕ್ಕು ತಿರುಗಿಸುತ್ತದೆ. ಪ್ಲಸ್ ಟೂ ಬಿದ್ದರೆ ಮುಂದಿನವರು ಎರಡು ಎಳೆದು ಸರದಿಯನ್ನೂ ಕಳೆದುಕೊಳ್ಳುತ್ತಾರೆ. ವೈಲ್ಡ್ ಹಾಕಿದವರು ಬಣ್ಣ ಹೇಳುತ್ತಾರೆ. ಪ್ಲಸ್ ಫೋರ್ ಹಾಕಿದವರು ಬಣ್ಣವನ್ನೂ ಹೇಳುತ್ತಾರೆ, ಮುಂದಿನವರಿಗೆ ನಾಲ್ಕು ಎಳೆಸಿ ಸರದಿಯನ್ನೂ ತಪ್ಪಿಸುತ್ತಾರೆ.

ಇಬ್ಬರೇ ಆಡುವಾಗ ರಿವರ್ಸ್ ಸ್ಕಿಪ್ ಥರವೇ ಕೆಲಸ ಮಾಡುತ್ತದೆ. ಅಂದರೆ ಆಗ ಪ್ರತಿ ಬಣ್ಣದಲ್ಲೂ ಸರದಿಯನ್ನು ನಿಮಗೇ ವಾಪಸ್ ತರುವ 6 ಕಾರ್ಡ್ ಇರುತ್ತವೆ. ಇವನ್ನು ಒಂದೊಂದೇ ಬಿಡುವುದು ವ್ಯರ್ಥ, ಸರಪಳಿ ಮಾಡಬೇಕು. ನಿಮ್ಮ ಕೈಯಲ್ಲಿ ಹಸಿರು ಸ್ಕಿಪ್, ಹಸಿರು ರಿವರ್ಸ್, ಹಸಿರು ಪ್ಲಸ್ ಟೂ, ಹಸಿರು 4 ಉಳಿದಿವೆ, ಮೇಲೆ ಹಸಿರು 9 ಇದೆ. ಸ್ಕಿಪ್ ಹಾಕಿ, ಸರದಿ ನಿಮ್ಮದೇ. ರಿವರ್ಸ್ ಹಾಕಿ, ಮತ್ತೆ ನಿಮ್ಮದೇ. ಈಗ ಎರಡು ಕಾರ್ಡ್ ಉಳಿಯಿತು: ಊನೋ ಬಟನ್ (ಇನ್ನು ಒಂದೇ ಕಾರ್ಡ್ ಉಳಿಯುತ್ತದೆ ಅಂತ ಸಾರುವುದು) ಒತ್ತಿ, ಪ್ಲಸ್ ಟೂ ಹಾಕಿ, ಆಮೇಲೆ 4 ಹಾಕಿ ಆಟ ಮುಗಿಸಿ. ಎದುರಿನವರಿಗೆ ಒಂದು ಸರದಿಯೂ ಸಿಗುವುದಿಲ್ಲ. ಈ ಸರಪಳಿ ಕೂಡಿಬರುವ ತನಕ ಬರೀ ಅಂಕಿ ಕಾರ್ಡ್‌ಗಳನ್ನು ಖರ್ಚು ಮಾಡುತ್ತ ಬರಬೇಕು.

ಊನೋ ಬಟನ್

ಕೈಯಲ್ಲಿ ಎರಡು ಕಾರ್ಡ್ ಇದ್ದಾಗ, ಒಂದನ್ನು ಹಾಕುವ ಮೊದಲು, ಬಟನ್ ಒತ್ತಬೇಕು. ಮರೆತದ್ದನ್ನು ಮುಂದಿನವರು ಆಡುವುದರೊಳಗೆ ಯಾರಾದರೂ ಹಿಡಿದರೆ ಎರಡು ಕಾರ್ಡ್ ದಂಡ. ಮನೆಯಲ್ಲಿ ಕಾರ್ಡ್ ಹಾಕುತ್ತಲೇ ‘ಊನೋ’ ಅಂತ ಕೂಗಿದರೆ ನಡೆಯುತ್ತದೆ. ಫೋನಿನಲ್ಲಿ ಕಾರ್ಡ್ ಮೊದಲು ಒತ್ತಿ ಬಟನ್ ಹುಡುಕಲು ಹೋದರೆ, ಕಾರ್ಡ್ ಹಾರಿ ನಡುವೆ ಬೀಳುವಷ್ಟರಲ್ಲಿ ಎದುರಿನವರು ಹಿಡಿದಿರುತ್ತಾರೆ. ಹಾಗಾಗಿ ಬಟನ್ ಮೊದಲು, ಕಾರ್ಡ್ ಆಮೇಲೆ. ಎರಡು ಕಾರ್ಡ್ ಉಳಿದಾಗ ಹಾಕಲು ಯಾವುದೂ ಹೊಂದದಿದ್ದರೆ ಒತ್ತಿ ಪ್ರಯೋಜನವಿಲ್ಲ.

ಬೇರೆಯವರನ್ನು ಹಿಡಿಯುವ ಬಟನ್ ಅವರ ಹೆಸರಿನ ಪಕ್ಕದಲ್ಲಿ ಕೆಲವೇ ಕ್ಷಣ ಕಾಣಿಸಿಕೊಳ್ಳುವುದು ರೂಢಿ. ಯಾರಿಗೆ ಎರಡು ಕಾರ್ಡ್ ಉಳಿದಿದೆ ಅಂತ ಮೊದಲೇ ನೋಡಿಟ್ಟುಕೊಂಡು ಬೆರಳು ಆ ಕಡೆ ಇಟ್ಟುಕೊಳ್ಳಿ.

ಪ್ಲಸ್ ಫೋರ್ ಮತ್ತು ಚಾಲೆಂಜ್

ಬಹಳ ಜನ ಓದದೇ ಬಿಡುವ ನಿಯಮ ಇದು. ಪ್ಲಸ್ ಫೋರ್ ಅನ್ನು ಬೇಕಾದಾಗ ಹಾಕುವಂತಿಲ್ಲ. ಮೇಲಿರುವ ಬಣ್ಣದ ಕಾರ್ಡ್ ನಿಮ್ಮ ಕೈಯಲ್ಲಿ ಒಂದೂ ಇರಬಾರದು. ಅದೇ ಅಂಕಿಯ ಬೇರೆ ಬಣ್ಣ ಇದ್ದರೆ ಪರವಾಗಿಲ್ಲ, ಇನ್ನೊಂದು ವೈಲ್ಡ್ ಇದ್ದರೂ ಪರವಾಗಿಲ್ಲ, ಅದೇ ಬಣ್ಣ ಇರಕೂಡದು. ಇದ್ದೂ ಹಾಕಿದರೆ ಅದು ಬ್ಲಫ್. ಮುಂದಿನವರು ಚಾಲೆಂಜ್ ಮಾಡಬಹುದು. ಬ್ಲಫ್ ಎಂದು ಸಿಕ್ಕರೆ ಹಾಕಿದವರೇ ನಾಲ್ಕು ಎಳೆಯಬೇಕು. ಹಾಕಿದ್ದು ಸರಿಯಿದ್ದರೆ ಚಾಲೆಂಜ್ ಮಾಡಿದವರು ನಾಲ್ಕರ ಬದಲು ಆರು ಎಳೆಯಬೇಕು. ಆನ್‌ಲೈನ್‌ನಲ್ಲಿ ಕೈ ತೋರಿಸಿ ವಾದ ಮಾಡುವ ತಾಪತ್ರಯ ಇಲ್ಲ, ಪ್ರೋಗ್ರಾಂ ಪರೀಕ್ಷೆ ಮಾಡುತ್ತದೆ.

ಚಾಲೆಂಜ್ ಒತ್ತಬೇಕೇ ಬೇಡವೇ? ಸೋತರೆ ನಿಮಗೆ ಎರಡು ಕಾರ್ಡ್ ಹೆಚ್ಚು, ಗೆದ್ದರೆ ನಾಲ್ಕು ಕಾರ್ಡ್ ಉಳಿತಾಯ. ಹಾಗಾದರೆ ಮೂರಕ್ಕೆ ಒಂದು ಸಲಕ್ಕಿಂತ ಹೆಚ್ಚು ಗೆಲ್ಲುವ ಹಾಗಿದ್ದರೆ ಒತ್ತಬೇಕು. ಗೆದ್ದಾಗ ಎದುರಿನವರ ಕೈಗೆ ನಾಲ್ಕು ಸೇರುವುದನ್ನೂ, ನಿಮ್ಮ ಸರದಿ ಉಳಿಯುವುದನ್ನೂ ಲೆಕ್ಕಕ್ಕೆ ತಂದರೆ ಐದಕ್ಕೆ ಒಂದು ಸಾಕು.

ಈಗ ಅವರ ಕೈ ನೋಡಿ. ಒಂದು ಬಣ್ಣ ಕಟ್ಟಿನಲ್ಲಿ ಸುಮಾರು 23 ಪ್ರತಿಶತ. ಪ್ಲಸ್ ಫೋರ್ ಹಾಕಿದ ಮೇಲೆ ಅವರ ಹತ್ತಿರ 6 ಕಾರ್ಡ್ ಉಳಿದಿದ್ದರೆ, ಅದರಲ್ಲಿ ಆ ಬಣ್ಣದ್ದು ಒಂದಾದರೂ ಇರುವ ಸಾಧ್ಯತೆ 79 ಪ್ರತಿಶತದ ಹತ್ತಿರ. 4 ಉಳಿದಿದ್ದರೆ 65. ಎರಡೇ ಉಳಿದಿದ್ದರೆ 41. ಇದು ಕಣ್ಣುಮುಚ್ಚಿ ಹಾಕುವವರ ಲೆಕ್ಕ, ನಿಯಮ ತಿಳಿದು ಪ್ರಾಮಾಣಿಕವಾಗಿ ಆಡುವವರ ಮುಂದೆ ನಡೆಯದು. ಅಪರಿಚಿತರ ಟೇಬಲ್‌ನಲ್ಲಿ ಮಾತ್ರ ಕೈತುಂಬ ಕಾರ್ಡ್ ಇಟ್ಟುಕೊಂಡು ಪ್ಲಸ್ ಫೋರ್ ಎಸೆಯುವವರನ್ನು ಚಾಲೆಂಜ್ ಮಾಡದೆ ಬಿಡುವುದು ನಷ್ಟದ ಬಾಬತ್ತು.

ಮೇಲಿದ್ದ ಬಣ್ಣವನ್ನು ಹಿಂದೆ ಅವರೇ ವೈಲ್ಡ್ ಹಾಕಿ ಕೇಳಿದ್ದರೆ, ಆ ಬಣ್ಣ ಅವರ ಕೈಯಲ್ಲಿ ಇನ್ನೂ ಇರುವ ಸಂಭವ ಹೆಚ್ಚು, ಒತ್ತಿ. ಅವರ ಹಿಂದಿನ ಸರದಿಯಲ್ಲಿ ಇದೇ ಬಣ್ಣ ಇದ್ದು, ಹಾಕಲಾಗದೆ ಎಳೆದು ಸುಮ್ಮನಾಗಿದ್ದರೆ ಒತ್ತಬೇಡಿ; ಆ ಬಣ್ಣ ಅವರಲ್ಲಿ ಬಹುಶಃ ಇಲ್ಲ.

ಎಚ್ಚರಿಕೆ: ಬ್ಲಫ್ ಇಲ್ಲದ ರೂಮ್‌ಗಳೂ ಉಂಟು. ಅಲ್ಲಿ ಬಣ್ಣ ಇದ್ದರೆ ಪ್ಲಸ್ ಫೋರ್ ಮಂಕಾಗಿ ಕಾಣುತ್ತದೆ, ಒತ್ತಿದರೂ ಹೋಗುವುದಿಲ್ಲ. ಕಾರ್ಡ್ ಕೆಲಸ ಮಾಡುತ್ತಿಲ್ಲ ಅಂತ ಪದೇ ಪದೇ ಒತ್ತಿ ಸಮಯ ಕಳೆಯುವವರು ಇದ್ದಾರೆ. ಕೆಟ್ಟಿರುವುದು ಏನೂ ಇಲ್ಲ, ನಿಯಮ ಹಾಗಿದೆ.

ಬಣ್ಣ ಹಿಡಿಯುವುದು

ಮೇಲೆ ಹಸಿರು 3. ನಿಮ್ಮ ಕೈಯಲ್ಲಿ ನೀಲಿ 3, ನೀಲಿ 8, ನೀಲಿ ಸ್ಕಿಪ್, ಹಳದಿ 3, ಕೆಂಪು 6, ಒಂದು ವೈಲ್ಡ್. ಹೊಸಬರು ಥಟ್ಟನೆ ವೈಲ್ಡ್ ಹಾಕಿ ‘ನೀಲಿ’ ಅನ್ನುತ್ತಾರೆ. ನೀಲಿ 3 ಹಾಕಿದರೂ ನೀಲಿಯೇ ಬರುತ್ತದೆ, ವೈಲ್ಡ್ ಉಳಿಯುತ್ತದೆ. ಇನ್ನು ಕೆಲವರು ಒಂಟಿ ಹಳದಿ ಹೋಗಲಿ ಅಂತ ಹಳದಿ 3 ಹಾಕುತ್ತಾರೆ. ಆಗ ಮೇಜಿನ ಬಣ್ಣ ಹಳದಿ, ನಿಮ್ಮ ಕೈಯಲ್ಲಿ ಹಳದಿ ಇಲ್ಲ. ಸರದಿ ತಿರುಗಿ ಬರುವಷ್ಟರಲ್ಲಿ ಯಾರೂ ಬಣ್ಣ ಬದಲಿಸದಿದ್ದರೆ ವೈಲ್ಡ್ ಖರ್ಚಾಗುತ್ತದೆ. ನೀಲಿ 3 ಹಾಕಿದರೆ ಬಣ್ಣ ಬದಲಾಗದೆ ಬಂದಾಗ ಇನ್ನೂ ಎರಡು ನೀಲಿ ಸಿದ್ಧವಾಗಿವೆ.

ಬಣ್ಣ ನಿಮ್ಮದಾದ ಮೇಲೆ ಅದು ಬದಲಾಗದಂತೆ ಆಡಬೇಕು. ಸೊನ್ನೆ ಬೇಕಾಗುವುದು ಇಲ್ಲಿ. ನೀಲಿ 8 ಹಾಕಿದರೆ ಅಂಕಿಯಿಂದ ಬಣ್ಣ ತಿರುಗಿಸಬಲ್ಲ ಬೇರೆ 8ಗಳು ಆರು. ನೀಲಿ 0 ಹಾಕಿದರೆ ಬೇರೆ ಸೊನ್ನೆಗಳು ಮೂರೇ. ಎರಡೂ ಇದ್ದಾಗ, ನೀಲಿಯೇ ಉಳಿಯಬೇಕೆಂದಿದ್ದರೆ ಸೊನ್ನೆ ಹಾಕಿ. ಒಂದು ಅಂಕಿಯ ಕಾರ್ಡ್‌ಗಳು ಬಹಳಷ್ಟು ಆಗಲೇ ಬಿದ್ದುಹೋಗಿದ್ದರೆ ಆ ಅಂಕಿಯೂ ಅಷ್ಟೇ ಭದ್ರ. ರಾಶಿಯಲ್ಲಿ ಏನೇನು ಬಿತ್ತು ಅಂತ ಪೂರ್ತಿ ನೆನಪಿಡುವುದು ಕಷ್ಟ. ವೈಲ್ಡ್, ಪ್ಲಸ್ ಫೋರ್, ಸೊನ್ನೆ ಎಷ್ಟು ಬಿದ್ದವು ಎಂಬುದಿಷ್ಟು ಗಮನದಲ್ಲಿದ್ದರೆ ಧಾರಾಳವಾಯಿತು.

ಯಾರು ಯಾವ ಬಣ್ಣಕ್ಕೆ ಎಳೆದರು ಅನ್ನುವುದೇ ಆಟದಲ್ಲಿ ಸಿಗುವ ಅತಿ ಬೆಲೆಯ ಸುದ್ದಿ. ಹಳದಿಗೆ ಎಳೆದವರ ಹತ್ತಿರ ಒಂದೇ ಕಾರ್ಡ್ ಉಳಿದಾಗ, ವೈಲ್ಡ್ ನಿಮ್ಮಲ್ಲಿದ್ದರೆ ಹಳದಿ ಕೇಳಿ, ನಿಮ್ಮ ಕೈಯಲ್ಲಿ ಹಳದಿ ಕಡಿಮೆ ಇದ್ದರೂ ಸರಿಯೇ. ಆಮೇಲೆ ಅವರು ದಂಡದ ಕಾರ್ಡ್ ಎಳೆದಿದ್ದರೆ ಈ ಸುದ್ದಿ ಹಳತಾಯಿತು.

ಊನೋ ಕೂಗಿದವರು ನಿಮ್ಮ ಮುಂದಿನವರಾದರೆ ಸ್ಕಿಪ್, ಪ್ಲಸ್ ಟೂ, ರಿವರ್ಸ್ ಯಾವುದಾದರೂ ಆಗುತ್ತದೆ. ನಿಮ್ಮ ಹಿಂದಿನವರಾದರೆ ರಿವರ್ಸ್ ಮುಟ್ಟಲೇಬೇಡಿ. ಸರದಿ ನೇರ ಅವರ ಕೈಗೆ ಹೋಗುತ್ತದೆ. ದಿಕ್ಕು ತೋರಿಸುವ ಬಾಣದ ಗುರುತು ಪರದೆಯ ನಡುವೆ ಸುತ್ತುತ್ತಿರುತ್ತದೆ, ಆತುರದಲ್ಲಿ ಯಾರೂ ನೋಡುವುದಿಲ್ಲ.

ವೈಲ್ಡ್ ಎಷ್ಟು ಹೊತ್ತು ಇಟ್ಟುಕೊಳ್ಳಬೇಕು ಅನ್ನುವುದು ಅಂಕ ಲೆಕ್ಕದ ಮೇಲೆ ನಿಂತಿದೆ. ಮೂಲ ನಿಯಮದಲ್ಲಿ ಗೆದ್ದವರಿಗೆ ಉಳಿದವರ ಕೈಯಲ್ಲಿರುವ ಕಾರ್ಡ್‌ಗಳ ಅಂಕ ಸೇರುತ್ತದೆ: ಅಂಕಿ ಕಾರ್ಡ್‌ಗೆ ಅದರ ಬೆಲೆ, ಸ್ಕಿಪ್, ರಿವರ್ಸ್, ಪ್ಲಸ್ ಟೂಗೆ 20, ಕಪ್ಪು ಕಾರ್ಡ್‌ಗೆ 50. 500 ಮುಟ್ಟಿದವರು ಗೆದ್ದಂತೆ. ಹೀಗೆ ಆಡುವಾಗ ಯಾರಾದರೂ ಮುಗಿಸುವ ಹಂತಕ್ಕೆ ಬಂದರೆ ಕಪ್ಪು ಕಾರ್ಡ್ ಬೇಗ ಹಾಕಿಬಿಡುವುದು ಲೇಸು. ಒಂದೇ ಸುತ್ತಿನ ಆಟದಲ್ಲಿ ಆ ಭಯ ಇಲ್ಲ. ಅಲ್ಲಿ ವೈಲ್ಡ್ ಅನ್ನು ಕೊನೆಯ ಕಾರ್ಡ್ ಆಗಿ ಉಳಿಸಿಕೊಂಡರೆ ಯಾವ ಬಣ್ಣ ಬಂದರೂ ಮುಗಿಸಬಹುದು.

ಮನೆ ನಿಯಮಗಳು

1971ರಲ್ಲಿ ಅಮೆರಿಕದ ಓಹಾಯೋ ರಾಜ್ಯದ ರೀಡಿಂಗ್ ಊರಿನ ಕ್ಷೌರಿಕ ಮರ್ಲ್ ರಾಬಿನ್ಸ್ ಈ ಆಟ ಕಟ್ಟಿದ್ದು, ಕ್ರೇಜಿ ಏಯ್ಟ್ಸ್ ಎಂಬ ಇಸ್ಪೀಟ್ ಆಟದ ನಿಯಮದ ಬಗ್ಗೆ ಮಗನ ಜೊತೆ ವಾದ ಬಂದದ್ದರಿಂದ. ವಾದ ಇವತ್ತಿಗೂ ನಿಂತಿಲ್ಲ. ಪ್ಲಸ್ ಟೂ ಮೇಲೆ ಪ್ಲಸ್ ಟೂ ಹಾಕಿ ದಂಡ ಮುಂದಕ್ಕೆ ದಾಟಿಸುವುದು, ಅಂದರೆ ಸ್ಟ್ಯಾಕಿಂಗ್, ಮೂಲ ನಿಯಮದಲ್ಲಿ ಇಲ್ಲ. 1992ರಿಂದ ಆಟದ ಒಡೆತನ ಇರುವ ಮ್ಯಾಟೆಲ್ ಕಂಪನಿ 2019ರಲ್ಲಿ ಅದನ್ನು ಸ್ಪಷ್ಟವಾಗಿ ಹೇಳಿತು, ಜನ ಕೇಳಲಿಲ್ಲ. ಆನ್‌ಲೈನ್ ರೂಮ್‌ಗಳಲ್ಲಿ ಅದೊಂದು ಆಯ್ಕೆಯಾಗಿಯೇ ಬಂದಿದೆ. ಆಯ್ಕೆ ಇದ್ದ ರೂಮಿನಲ್ಲಿ ಒಂದು ಪ್ಲಸ್ ಟೂ ಸದಾ ಕೈಯಲ್ಲಿರಲಿ, ಅದು ಹೊಡೆಯಲಿಕ್ಕಲ್ಲ, ತಡೆಯಲಿಕ್ಕೆ. ನಾಲ್ವರು ಸರಪಳಿ ಮಾಡಿದರೆ ಸಿಕ್ಕಿಬಿದ್ದವರಿಗೆ ಎಂಟು ಕಾರ್ಡ್.

7–0 ನಿಯಮದಲ್ಲಿ 7 ಹಾಕಿದವರು ಬೇಕಾದವರ ಜೊತೆ ಇಡೀ ಕೈ ಬದಲಿಸಿಕೊಳ್ಳುತ್ತಾರೆ. 0 ಬಿದ್ದರೆ ಎಲ್ಲರೂ ತಮ್ಮ ಕೈಯನ್ನು ಆಟದ ದಿಕ್ಕಿನಲ್ಲಿ ಮುಂದಿನವರಿಗೆ ಕೊಡುತ್ತಾರೆ. ಇಲ್ಲಿ ಮಾಡುವ ದೊಡ್ಡ ತಪ್ಪು: ಎರಡೇ ಕಾರ್ಡ್ ಉಳಿದಾಗ ಅದರಲ್ಲಿ 7 ಹಾಕುವುದು. ಉಳಿದ ಒಂದೇ ಕಾರ್ಡ್ ಎದುರಿನವರಿಗೆ ಹೋಗುತ್ತದೆ, ಅವರ ಹತ್ತು ನಿಮಗೆ ಬರುತ್ತವೆ. 7 ಅನ್ನು ಕೈತುಂಬ ಕಾರ್ಡ್ ಇದ್ದಾಗ ಕಡಿಮೆ ಇರುವವರ ಮೇಲೆ ಹಾಕಿ, ಇಲ್ಲದಿದ್ದರೆ ಅದೇ ಕೊನೆಯ ಕಾರ್ಡ್ ಆಗಲಿ. ಈ ರೂಮ್‌ಗಳಲ್ಲಿ ಕೈ ಸಣ್ಣದಾದಷ್ಟೂ ಅಪಾಯ ಜಾಸ್ತಿ.

ಜಂಪ್ ಇನ್ ಇದ್ದರೆ ಮೇಲಿರುವ ಕಾರ್ಡ್‌ನದೇ ಪಡಿಯಚ್ಚು, ಬಣ್ಣವೂ ಅಂಕಿಯೂ ಅದೇ, ನಿಮ್ಮ ಹತ್ತಿರ ಇದ್ದಾಗ ಸರದಿ ಇಲ್ಲದೆಯೂ ಹಾಕಬಹುದು, ಆಟ ನಿಮ್ಮಿಂದ ಮುಂದುವರಿಯುತ್ತದೆ. ನೆಟ್ ನಿಧಾನ ಇರುವವರಿಗೆ ಈ ನಿಯಮ ಅನ್ಯಾಯ, ಕೂಟದಲ್ಲಿ ಅಂಥವರು ಒಬ್ಬರಿದ್ದರೂ ತೆಗೆದಿಡಿ.

ಜೋಡಿ ಆಟ

ಇಬ್ಬಿಬ್ಬರ ತಂಡದಲ್ಲಿ ಜೊತೆಗಾರರು ಎದುರುಬದುರು ಕೂರುತ್ತಾರೆ, ಒಬ್ಬರು ಮುಗಿಸಿದರೆ ತಂಡ ಗೆದ್ದಂತೆ. ನಿಮ್ಮ ಎರಡೂ ಪಕ್ಕದಲ್ಲಿ ಎದುರಾಳಿಗಳೇ. ಹಾಗಾಗಿ ಸ್ಕಿಪ್ ಅಥವಾ ಪ್ಲಸ್ ಟೂ ಹಾಕಿದರೆ ಸರದಿ ನೇರ ಜೊತೆಗಾರರಿಗೆ ಹೋಗುತ್ತದೆ. ಅವರಿಗೆ ಒಂದೇ ಕಾರ್ಡ್ ಉಳಿದಾಗ ಇದಕ್ಕಿಂತ ಒಳ್ಳೆಯ ಕಾರ್ಡ್ ಇಲ್ಲ. ಬಣ್ಣ ಕೇಳುವಾಗ ನಿಮ್ಮ ಕೈ ನೋಡಬೇಡಿ, ಯಾರಿಗೆ ಕಡಿಮೆ ಕಾರ್ಡ್ ಇದೆಯೋ ಅವರ ಬಣ್ಣ ಕೇಳಿ. ಜೊತೆಗಾರರು ತಾವಾಗಿ ಯಾವ ಬಣ್ಣಕ್ಕೆ ತಿರುಗಿಸುತ್ತಿದ್ದಾರೆ ಅನ್ನುವುದೇ ಅವರ ಸೂಚನೆ.

ಕೈಕೊಡುವ ಸಂದರ್ಭಗಳು

ಪ್ರತಿ ಸರದಿಗೂ ಗಡಿಯಾರ ಇರುತ್ತದೆ. ಸಮಯ ಮೀರಿದರೆ ಪ್ರೋಗ್ರಾಂ ನಿಮ್ಮ ಪರವಾಗಿ ಎಳೆದು ಸರದಿ ದಾಟಿಸುತ್ತದೆ, ಇನ್ನೂ ತಡವಾದರೆ ಬಾಟ್, ಅಂದರೆ ಪ್ರೋಗ್ರಾಂ ನಡೆಸುವ ಆಟಗಾರ, ನಿಮ್ಮ ಜಾಗದಲ್ಲಿ ಆಡತೊಡಗುತ್ತದೆ. ಬಾಟ್‌ಗೆ ನಿಮ್ಮ ಸರಪಳಿಯ ಯೋಜನೆ ಗೊತ್ತಿರುವುದಿಲ್ಲ. ಆಟದ ನಡುವೆ ಫೋನ್ ಬಂದು ಆಪ್ ಹಿಂದೆ ಸರಿದಾಗಲೂ ಹೀಗೇ ಆಗುತ್ತದೆ. ಆಡುವಷ್ಟು ಹೊತ್ತು ಬ್ಯಾಟರಿ ಸೇವರ್ ತೆಗೆದು, ‘ಡು ನಾಟ್ ಡಿಸ್ಟರ್ಬ್’ ಹಾಕಿಕೊಳ್ಳಿ. ವೈಫೈ ಮತ್ತು ಮೊಬೈಲ್ ಡೇಟಾ ಎರಡೂ ಆನ್ ಇದ್ದು ಫೋನ್ ಒಂದರಿಂದ ಇನ್ನೊಂದಕ್ಕೆ ಹಾರುತ್ತಿದ್ದರೆ ಸಂಪರ್ಕ ತುಂಡಾಗುತ್ತದೆ, ಒಂದನ್ನು ಆಫ್ ಮಾಡಿ.

ಕೆಂಪು–ಹಸಿರು ಗುರುತಿಸಲು ತೊಂದರೆ ಇರುವವರು ಸೆಟ್ಟಿಂಗ್ಸ್‌ನಲ್ಲಿ ಹುಡುಕಿ. ಮೊಬೈಲ್ ಆಟಕ್ಕೆ 2024ರಲ್ಲಿ ಬಣ್ಣದ ಬದಲು ಚೌಕ, ತ್ರಿಕೋನದಂಥ ಆಕಾರಗಳಿಂದ ಆಡುವ ಕಾರ್ಡ್‌ಗಳು ಬಂದಿವೆ.

ಅಮೆರಿಕದಲ್ಲಿರುವ ಮಗಳು ಅಳಿಯ, ಮೈಸೂರಿನಲ್ಲಿರುವ ಅಜ್ಜಿ ಒಂದೇ ರೂಮಿನಲ್ಲಿ ಆಡುವುದಾದರೆ ಮಾತಿಗೆ ಬೇರೆ ಫೋನ್ ಅಥವಾ ಲ್ಯಾಪ್‌ಟಾಪ್‌ನಲ್ಲಿ ವಾಟ್ಸಾಪ್ ಕಾಲ್ ಇಟ್ಟುಕೊಳ್ಳಿ. ಒಂದೇ ಫೋನಿನಲ್ಲಿ ಕಾಲೂ ಆಟವೂ ನಡೆದರೆ ಹಳೆಯ ಸೆಟ್‌ಗಳು ತಡವರಿಸುತ್ತವೆ. ರೂಮ್ ತೆರೆಯುವ ಕೆಲಸ ಒಳ್ಳೆಯ ನೆಟ್ ಇರುವವರಿಗೆ ಬಿಡಿ. ಅಜ್ಜಿಗೆ ಮೊದಲ ಎರಡು ಆಟ ಸ್ಟ್ಯಾಕಿಂಗ್, 7–0, ಜಂಪ್ ಇನ್ ಯಾವುದೂ ಇಲ್ಲದೆ ನಡೆಯಲಿ.